ಶಾಸಕರೇ, ನಮ್ಮ ಬದುವಿನ ಕಲ್ಲಿಗೆ ಕೆಂಪು ಬಣ್ಣ ಬಳಿದವರು ಯಾರು?

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ಗದಗ ಜಿಲ್ಲೆಯ ಒಬ್ಬ ರೈತ. ಊರ ಕೆರೆಯ ಹಿನ್ನೀರಿನ ಅಂಚಿಗೆ ನಮ್ಮ ನಾಲ್ಕು ಎಕರೆ ಎರೆ ಹೊಲ ಇದೆ. ಅಜ್ಜನ ಕಾಲದಿಂದ ಉತಾರ (ಪಹಣಿ) ನಮ್ಮ ಮನೆಯವರ ಹೆಸರಲ್ಲೇ ಇದೆ. ಒಂದೂವರೆ ವರ್ಷದಿಂದ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಎಲ್ಲರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ಕೆರೆಯ ಸುತ್ತಲಿನ ಜೌಗು ಪ್ರದೇಶದ ಗಡಿಯ ನಕ್ಷೆಯನ್ನು ಸರ್ವೆ ನಂಬರ್ ಸಮೇತ, ಕನ್ನಡದಲ್ಲಿ, ನಮ್ಮ ಪಂಚಾಯ್ತಿ ಗೋಡೆಗೆ ಹಚ್ಚಿಸಿ.

ಅವತ್ತು ಕಡಲೆಯಲ್ಲಿ ಕಳೆ ಕೀಳುತ್ತಿದ್ದೆವು. ಮೂವರು ಬಂದರು. ಮೂರು ಕಾಲಿನ ಮೇಲೆ ಯಂತ್ರ ಇಟ್ಟು ಏನೋ ನೋಡಿದರು. "2019ರ ಮಳೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಎಂದು ಕೇಳಿದರು. ನಾನು ಸುಳ್ಳು ಹೇಳುವವನಲ್ಲ. ಹೊಲದ ನಡುವಿನ ಬೇವಿನ ಗಿಡದವರೆಗೆ ಬಂದಿತ್ತು ಎಂದು ತೋರಿಸಿದೆ. ಅಲ್ಲಿಂದ ಮತ್ತಷ್ಟು ದೂರ ಅಳೆದು, ನಮ್ಮಪ್ಪ ನೆಟ್ಟ ಬದುವಿನ ಕಲ್ಲಿಗೆ ಕೆಂಪು ಬಣ್ಣ ಬಳಿದು ಹೋದರು. ನೋಟಿಸ್ ಇಲ್ಲ, ಪಂಚನಾಮೆ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ "ಇದು ಜೌಗು ಪ್ರದೇಶದ ಗಡಿ" ಎಂದರು. ಎರೆ ಹೊಲದಲ್ಲಿ ಮಳೆಗಾಲಕ್ಕೆ ಮೊಣಕಾಲಿನ ತನಕ ಕಾಲು ಹುಗಿಯುತ್ತದೆ. ಹಾಗಂತ ಅದು ಜೌಗು ಆಗುತ್ತದಾ?

ಮುಂದಿನ ತಿಂಗಳೇ ಅವ್ವ ಅಂಗಳದಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಬೇಕಿತ್ತು. ಬೇರೆ ದಾರಿ ಕಾಣದೆ ಒಂದು ಎಕರೆ ಮಾರಲು ನಿಂತೆ. ಪಕ್ಕದೂರಿನವರು ಸಂಚಕಾರ, ಅಂದರೆ ಮುಂಗಡ ಹಣ, ಕೊಟ್ಟರು. ಹೊಲ ನೋಡಲು ಬಂದು ಆ ಕೆಂಪು ಕಲ್ಲು ಕಂಡರು. "ತಮ್ಮಾ, ಸರ್ಕಾರದ ಗುರುತು ಬಿದ್ದ ಭೂಮಿ ನಮಗೆ ಬ್ಯಾಡ" ಎಂದು ಸಂಚಕಾರ ವಾಪಸ್ ತಗೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಹೊಲ ಗಡಿಯೊಳಗೆ ಬರುವುದಿಲ್ಲ ಎಂದು ಒಂದು ಚೀಟಿ ಬರೆದುಕೊಡಿ ಎಂದು ಒಂದು ಕಚೇರಿಗೆ ಹೋದೆ. ಮೇಲಿಂದ ಬರಬೇಕು ಎಂದರು. ಇನ್ನೊಂದು ಕಚೇರಿಯಲ್ಲಿ ಇಂಗ್ಲಿಷ್ ನಕ್ಷೆ ತೋರಿಸಿದರು. ಅದರಲ್ಲಿ ಒಂದು ನೀಲಿ ಗೆರೆ ಇತ್ತು. ಸರ್ವೆ ನಂಬರ್ ಇರಲೇ ಇಲ್ಲ. ಕೊನೆಗೆ ನೂರಕ್ಕೆ ಮೂರರ ಬಡ್ಡಿಗೆ ಸಾಲ ತಂದೆ. ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ಬಡ್ಡಿ ಮಾತ್ರ ನಿಂತಿಲ್ಲ.

ಸಾಹೇಬರೇ, ನಿಯಮ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಮಗಳ ಕೈಲಿ ಓದಿಸಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ. 2017ರ ಜೌಗು ಪ್ರದೇಶಗಳ ನಿಯಮದಲ್ಲಿ ಪಕ್ಕಾ ಕಟ್ಟಡ ಬೇಡ ಎಂದಿರುವುದು ನೆರೆ ನೀರಿನ ಮಟ್ಟದಿಂದ 50 ಮೀಟರ್ ಒಳಗೆ. ಆ ಮಟ್ಟ ಎಂದರೆ ಒಂದು ವರ್ಷದ ಮಹಾಪೂರ ಅಲ್ಲ. ನಿಯಮ ಜಾರಿಯಾದ ದಿನಕ್ಕೆ ಹಿಂದಿನ ಹತ್ತು ವರ್ಷದ ಸರಾಸರಿ. 2017ಕ್ಕೆ ಹಿಂದಿನ ಲೆಕ್ಕದಲ್ಲಿ 2019ರ ನೀರು ಎಲ್ಲಿಂದ ಬಂತು? ಗಡಿ ಗೊತ್ತುಮಾಡುವ ಕಾಗದದಲ್ಲಿ ಅಲ್ಲಿ ಮೊದಲಿಂದ ಯಾರಿಗೆ ಏನು ಹಕ್ಕಿದೆ ಎಂದು ಬರೆಯಬೇಕು. ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ನೀರಾವರಿಗೆಂದೇ ಕಟ್ಟಿದ ಕೆರೆಯನ್ನು ಆ ನಿಯಮ ಜೌಗು ಪ್ರದೇಶದ ಲೆಕ್ಕದಿಂದಲೇ ಹೊರಗಿಟ್ಟಿದೆ. ನಮ್ಮ ಕೆರೆ ಕಟ್ಟಿದ್ದು ನೀರಾವರಿಗೆ. ಇದಕ್ಕಾದರೂ ಯಾರಾದರೂ ಉತ್ತರ ಕೊಡಬೇಕಲ್ವಾ?

ನಾವು ಹಕ್ಕಿಗಳ ವೈರಿಗಳಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ನಮ್ಮ ಕಡಲೆ ಚಿಗುರು ಮೇಯುತ್ತವೆ. ಅವ್ವ ಅವುಗಳಿಗೆ ಒಂದು ಕಲ್ಲನ್ನೂ ಎಸೆಯಲು ಬಿಟ್ಟವಳಲ್ಲ. 2024ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಬಂದಾಗ ನಮ್ಮೂರಲ್ಲೂ ಖುಷಿಪಟ್ಟೆವು. ಆದರೆ ಮಾಗಡಿಯಂಥ ಸಂರಕ್ಷಣಾ ಮೀಸಲು ಮಾಡುವುದು ಸರ್ಕಾರದ ಜಾಗದಲ್ಲಿ, ಅದೂ ಊರ ಜನರನ್ನು ಕೇಳಿ. ವನ್ಯಜೀವಿ ಕಾಯ್ದೆಯ 36ಎ ಕಲಮಿನಲ್ಲಿ ಹಾಗೇ ಇದೆ. ಖಾಸಗಿ ಹೊಲ ಬೇಕೆಂದರೆ 36ಸಿ ಪ್ರಕಾರ ಒಡೆಯ ತಾನಾಗಿ ಮುಂದೆ ಬರಬೇಕು. ಕೇಳಿದ್ದರೆ ಕೆರೆ ಅಂಚಿನ ಹತ್ತು ಗುಂಟೆಯನ್ನು ಬಿತ್ತದೆ ಬಿಡಲು ನಾನೇ ಒಪ್ಪುತ್ತಿದ್ದೆನೇನೋ. ಯಾರೂ ಕೇಳಲೇ ಇಲ್ಲ.

ನಮ್ಮದೊಂದೇ ಮನೆಯ ಗೋಳಲ್ಲ ಇದು. ಕೆಂಪು ಕಲ್ಲು ಹನ್ನೊಂದು ಮನೆಯವರ ಬದುವಿನಲ್ಲಿದೆ. ಒಬ್ಬರು ಕೊಳವೆಬಾವಿ ಕೊರೆಸಲು ಹೆದರಿ ಕೂತಿದ್ದಾರೆ. ಇನ್ನೊಬ್ಬರು ದನದ ಕೊಟ್ಟಿಗೆಯ ಗೋಡೆ ಅರ್ಧಕ್ಕೆ ನಿಲ್ಲಿಸಿದ್ದಾರೆ.

ನಕ್ಷೆ ಹಚ್ಚಿಸಿ, ಸಾಹೇಬರೇ. ಗ್ರಾಮಸಭೆ ಕರೆಸಿ, ಅಳೆದವರನ್ನು ಅಲ್ಲಿ ನಮ್ಮೆದುರು ಕೂರಿಸಿ. ನಮ್ಮ ಹೊಲ ಗಡಿಯೊಳಗೆ ಬರುತ್ತದೆ ಎಂದಾದರೆ ಯಾವ ಲೆಕ್ಕದಲ್ಲಿ ಎಂದು ಬರೆದುಕೊಡಲಿ, ನಾವು ಆಕ್ಷೇಪಣೆ ಹಾಕುತ್ತೇವೆ. ಬರುವುದಿಲ್ಲ ಎಂದಾದರೆ ಅದನ್ನೂ ಬರೆದುಕೊಡಲಿ. ಆಮೇಲೆ ಬಣ್ಣ ಬಳಿದವರೇ ಬಂದು ಆ ಕಲ್ಲು ತೊಳೆದು ಹೋಗಲಿ.

ಇಂತಿ,
ಕೆರೆ ಅಂಚಿನ ಒಬ್ಬ ರೈತ
ಗದಗ ಜಿಲ್ಲೆ