ಹವಾಯಿಗೆ ಹೊರಟ ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದೆಲ್ಲ ಹವಾಯಿ ಸುತ್ತುವ ಹಡಗಿನ ಕ್ಯಾಬಿನ್, ಅಂದರೆ ಕೋಣೆಯ ಬಗ್ಗೆಯೇ. ಬಾಲ್ಕನಿ ಇರಬೇಕಾ, ಕಿಟಕಿ ಸಾಕಾ, ಯಾವ ಡೆಕ್ ಒಳ್ಳೆಯದು ಅಂತ. ಅವಸರದಲ್ಲಿ ಏನೋ ಹೇಳಿ ಫೋನ್ ಇಟ್ಟೆ. ಆಮೇಲೆ ಸಮಾಧಾನ ಆಗಲಿಲ್ಲ. ಈ ಪ್ರಯಾಣದಲ್ಲಿ ಕ್ಯಾಬಿನ್ ಕೊನೆಗೆ ಯೋಚಿಸಬೇಕಾದ ವಿಷಯ. ಅದಕ್ಕೇ ಈ ಪತ್ರ.

ನೀನು ನೋಡಿಟ್ಟಿರುವ ಪ್ರೈಡ್ ಆಫ್ ಅಮೆರಿಕ ಹಡಗು ಶನಿವಾರ ಸಂಜೆ ಹೊನೊಲುಲು ಬಿಡುತ್ತದೆ. ಭಾನುವಾರ, ಸೋಮವಾರ ಮಾವಿ ದ್ವೀಪದ ಕಹುಲುಯಿ ಬಂದರು. ಮಂಗಳವಾರ ಹವಾಯಿ ಅನ್ನುವ ದೊಡ್ಡ ದ್ವೀಪದ ಹಿಲೊ, ಬುಧವಾರ ಅದೇ ದ್ವೀಪದ ಕೋನಾ. ಗುರುವಾರ ಮತ್ತು ಶುಕ್ರವಾರ ಮಧ್ಯಾಹ್ನದವರೆಗೆ ಕೌವಾಯಿ ದ್ವೀಪದ ನವಿಲಿವಿಲಿ. ಮುಂದಿನ ಶನಿವಾರ ಬೆಳಿಗ್ಗೆ ಮತ್ತೆ ಹೊನೊಲುಲು. ನೋಡು, ಇಡೀ ದಿನ ಸಮುದ್ರದಲ್ಲೇ ಕಳೆಯುವುದು ಅನ್ನುವುದೇ ಇಲ್ಲ. ಹಡಗು ನಿನ್ನ ಜೊತೆ ಊರೂರು ತಿರುಗುವ ಲಾಡ್ಜ್ ಅಂದುಕೋ. ಹಾಗಾಗಿ ಮೊದಲು ನೆಲದ ಮೇಲೆ ಏನು ಮಾಡುತ್ತೀರಿ ಅಂತ ತೀರ್ಮಾನ ಮಾಡು. ಊಟ, ನಿದ್ದೆ ಎಲ್ಲ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ.

ಬೇರೆ ಹಡಗುಗಳೂ ಇವೆಯಲ್ಲ ಅಂತ ನೀನು ಕೇಳಬಹುದು. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಜನರನ್ನು ಇಳಿಸುವಂತಿಲ್ಲ. ನಡುವೆ ಬೇರೆ ದೇಶದ ಬಂದರನ್ನೂ ಮುಟ್ಟಬೇಕು. ಅದಕ್ಕೇ ಕ್ಯಾಲಿಫೋರ್ನಿಯಾದಿಂದ ಬರುವ ಹಡಗುಗಳು ಹವಾಯಿ ನೋಡಿಕೊಂಡು ಮೆಕ್ಸಿಕೋದ ಎನ್ಸೆನಾಡಾಕ್ಕೂ ಒಮ್ಮೆ ಹೋಗುತ್ತವೆ. ಬರಲು ನಾಲ್ಕೈದು ದಿನ, ಹೋಗಲು ನಾಲ್ಕೈದು ದಿನ ಬರೀ ನೀರು. ಪ್ರೈಡ್ ಆಫ್ ಅಮೆರಿಕ ಹಾರಿಸುವುದು ಅಮೆರಿಕದ ಬಾವುಟ, ಅದಕ್ಕೆ ಈ ಸುತ್ತಾಟ ಬೇಕಿಲ್ಲ. ನಿನ್ನ ಜೊತೆ ಬರುವ ನಿನ್ನ ಅಮ್ಮನಿಗೆ ಹೊಸದಾಗಿ ಇನ್ನೊಂದು ದೇಶದ ವೀಸಾ ಮಾಡಿಸುವ ತಾಪತ್ರಯವೂ ಇಲ್ಲ.

ಈಗ ಉಳಿಯುವ ವಿಷಯ. ದಯವಿಟ್ಟು ಶನಿವಾರವೇ ವಿಮಾನ ಇಳಿದು ಅದೇ ಸಂಜೆ ಹಡಗು ಹತ್ತುವ ಯೋಚನೆ ಬಿಡು. ನಾವು ಹಾಗೇ ಮಾಡಿದ್ದೆವು. ವಿಮಾನ ನಾಲ್ಕು ಗಂಟೆ ತಡವಾಯಿತು. ಟ್ಯಾಕ್ಸಿಯಲ್ಲಿ ಕೂತು ಗಡಿಯಾರ ನೋಡುತ್ತಾ ಹೋದದ್ದು ಇವತ್ತಿಗೂ ಮರೆತಿಲ್ಲ. ತಾವಾಗಿ ಬರುವವರಿಗೆ ಹಡಗು ಕಾಯುವುದಿಲ್ಲ. ಗುರುವಾರವೇ ಬಂದು ಎರಡು ರಾತ್ರಿ ಹೊನೊಲುಲುವಿನ ವೈಕಿಕಿಯಲ್ಲಿ ಉಳಿ. ಹೋಟೆಲ್ ಹುಡುಕುವಾಗ ರೆಸಾರ್ಟ್ ಫೀ, ಪಾರ್ಕಿಂಗ್ ಎಲ್ಲ ಸೇರಿಸಿದ ಮೊತ್ತ ನೋಡು. ಮೊದಲು ಕಾಣುವ ಬಾಡಿಗೆಗೆ ಮರುಳಾಗಬೇಡ. ವೈಕಿಕಿಯಲ್ಲಿ ಕಾರು ಬೇಡವೇ ಬೇಡ, ಅದನ್ನು ನಿಲ್ಲಿಸುವುದೇ ಒಂದು ಖರ್ಚು.

ಆ ಶುಕ್ರವಾರ ಪರ್ಲ್ ಹಾರ್ಬರ್‌ಗೆ ಇಟ್ಟುಕೋ. ಅಲ್ಲಿ ಮುಳುಗಿದ ಯುದ್ಧನೌಕೆಯ ನೆನಪಿನ ಅರಿಜೋನಾ ಸ್ಮಾರಕಕ್ಕೆ ದೋಣಿಯಲ್ಲೇ ಹೋಗಬೇಕು. ಟಿಕೆಟ್ ಉಚಿತ, ಆದರೆ ಆನ್‌ಲೈನಿನಲ್ಲಿ ಕಾದಿರಿಸಲು 1 ಡಾಲರ್ ಕೊಡಬೇಕು. ಒಳಗೆ ಚೀಲ ಬಿಡುವುದಿಲ್ಲ, ಹೆಗಲ ಬ್ಯಾಗ್ ಕೂಡ. ಹಡಗಿಳಿದ ದಿನ ಸೂಟ್‌ಕೇಸ್ ಎಳೆದುಕೊಂಡು ಅಲ್ಲಿಗೆ ಹೋಗಿ ಪರದಾಡಿದವರನ್ನು ನೋಡಿದ್ದೇನೆ, ಅದಕ್ಕೇ ಮೊದಲೇ ಮುಗಿಸು ಅನ್ನುತ್ತಿದ್ದೇನೆ. ಡೈಮಂಡ್ ಹೆಡ್ ಗುಡ್ಡಕ್ಕೂ ಹೊರಗಿನವರು ಮುಂಚೆಯೇ ಬುಕ್ ಮಾಡಬೇಕು. ಅಲ್ಲಿ ಮೆಟ್ಟಿಲು ಜಾಸ್ತಿ. ಅಮ್ಮನ ಮಂಡಿಗೆ ಅದು ಆಗದು, ನೀವಿಬ್ಬರು ಬೆಳಿಗ್ಗೆ ಬೇಗ ಹೋಗಿ ಬನ್ನಿ.

ಮಾವಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಎಲ್ಲರೂ ಹಲೆಯಾಕಲದ ಸೂರ್ಯೋದಯ ನೋಡು ಅನ್ನುತ್ತಾರೆ. 3,055 ಮೀಟರ್ ಎತ್ತರದ ಬೆಟ್ಟ, ಕಾಲ ಕೆಳಗೆ ಮೋಡ. ಆದರೆ ಬೆಳಗಿನ ಜಾವ 3ರಿಂದ 7ರ ನಡುವೆ ಕಾರು ಒಳಗೆ ಬಿಡಬೇಕಾದರೆ ಮೊದಲೇ ಕಾದಿರಿಸಿರಬೇಕು. 60 ದಿನ ಮುಂಚೆ, ಹವಾಯಿ ಸಮಯ ಬೆಳಿಗ್ಗೆ 7ಕ್ಕೆ ಬುಕಿಂಗ್ ತೆರೆಯುತ್ತದೆ. ಎರಡು ದಿನ ಮುಂಚೆ ಇನ್ನಷ್ಟು ಬಿಡುತ್ತಾರೆ. ನಾವು ಇದ್ಯಾವುದೂ ತಿಳಿಯದೆ ಹಡಗು ಹತ್ತಿದ ಮೇಲೆ ಹುಡುಕಿದೆವು, ಸಿಗಲಿಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡು ಕೂತಳು. ಆಗ ನನ್ನ ಹೆಂಡತಿ ಹೇಳಿದಳು, 'ಭಾನುವಾರ ರಾತ್ರಿ ಹಡಗು ಇಲ್ಲೇ ಇರುತ್ತದಲ್ಲ, ಸೂರ್ಯ ಮುಳುಗುವಾಗ ಹೋಗೋಣ.' ಸೂರ್ಯಾಸ್ತಕ್ಕೆ ಬುಕಿಂಗ್ ಬೇಕಿಲ್ಲ, ಕಾರಿಗೆ 30 ಡಾಲರ್ ಪ್ರವೇಶ ಶುಲ್ಕ ಮಾತ್ರ.

ಆ ಸಂಜೆಯನ್ನು ನಾನು ಯಾವ ಸೂರ್ಯೋದಯಕ್ಕೂ ಬದಲಾಯಿಸಿಕೊಳ್ಳುವುದಿಲ್ಲ. ಮೋಡದ ಮೇಲೆ ಬೆಳಕು ನಿಧಾನಕ್ಕೆ ಕೆಂಪಾಗಿ, ಕತ್ತಲಾಗಿ, ಒಂದೊಂದೇ ನಕ್ಷತ್ರ ಬಂತು. ಯಾರೂ ಮಾತಾಡಲಿಲ್ಲ. ಮುಖ್ಯವಾಗಿ, ಅಮ್ಮನನ್ನು ರಾತ್ರಿ ಎರಡಕ್ಕೆ ಎಬ್ಬಿಸಬೇಕಾಗಿಲ್ಲ. ಅಷ್ಟು ಎತ್ತರದಲ್ಲಿ ಅವರಿಗೆ ಉಸಿರು ಸಾಕಾಗದೆ ಹೋಗಬಹುದು. ಡಾಕ್ಟರನ್ನು ಒಮ್ಮೆ ಕೇಳಿಕೊಂಡೇ ಕರೆದುಕೊಂಡು ಹೋಗು. ಮೇಲೆ ಪಾರ್ಕಿಂಗ್ ತುಂಬಿಬಿಡುತ್ತದೆ, ಒಂದೂವರೆ ಗಂಟೆ ಮುಂಚೆಯೇ ತಲುಪು. ದಪ್ಪ ಸ್ವೆಟರ್, ಟೋಪಿ ಮರೆಯಬೇಡ. ಕೆಳಗೆ ಬೆವರು ಸುರಿಯುತ್ತಿದ್ದರೂ ಮೇಲೆ ಹಲ್ಲು ಕಟಕಟ ಅನ್ನುತ್ತದೆ. ಇನ್ನೊಂದು, ನೀನು ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಡೈವ್ ಮಾಡುವ ಆಸೆ ಹೇಳಿದ್ದೆಯಲ್ಲ, ಅದಾದ ಮೇಲೆ 24 ಗಂಟೆ ಈ ಬೆಟ್ಟ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗಿ ಅಪಾಯ ತರುತ್ತದೆ. ಬೆಟ್ಟ ಮೊದಲು, ಡೈವ್ ಮಾರನೆಯ ದಿನ.

ಊಟದ ಲೆಕ್ಕವೂ ಆ ದಿನ ಬೇರೆ. ಬೆಟ್ಟದ ಮೇಲೆ ಊಟವೂ ಇಲ್ಲ, ಪೆಟ್ರೋಲೂ ಇಲ್ಲ. ಇಳಿದು ಬಂದರಿಗೆ ಬರುವಷ್ಟರಲ್ಲಿ ಹಡಗಿನ ರಾತ್ರಿಯೂಟದ ಹೊತ್ತು ಮೀರಿರುತ್ತದೆ. ಕಹುಲುಯಿ ಬಂದರಿನಿಂದ ನಡೆದು ಹೋಗುವಷ್ಟು ದೂರದಲ್ಲೇ ದಿನಸಿ ಅಂಗಡಿಗಳಿವೆ. ಬ್ರೆಡ್, ಹಣ್ಣು, ಫ್ಲಾಸ್ಕಿನಲ್ಲಿ ಬಿಸಿ ಏನಾದರೂ ಕಟ್ಟಿಕೊಳ್ಳಿ.

ನೀವು ಸಸ್ಯಾಹಾರಿಗಳು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹಡಗಿನಲ್ಲಿ ಮೊದಲ ರಾತ್ರಿಯೇ ಊಟದ ಹಾಲ್‌ನ ಮೇಲ್ವಿಚಾರಕರನ್ನು ಹುಡುಕಿ ಹೇಳು. ನಮಗೆ ಪ್ರತಿ ರಾತ್ರಿ ಮಾರನೆಯ ದಿನದ ಮೆನು ತೋರಿಸಿ ಕೇಳುತ್ತಿದ್ದರು. ಊರೊಳಗೆ ಮಾತ್ರ ಹುಷಾರು. ಮುಸುಬಿ ಅನ್ನುವುದು ನೋಡಲು ಬರೀ ಅನ್ನದ ಉಂಡೆ, ಮೇಲಿರುವ ತುಂಡು ಡಬ್ಬಿ ಮಾಂಸ. ಸೈಮಿನ್ ನೂಡಲ್ಸಿನ ಸಾರಿಗೆ ಒಣಮೀನು, ಸಿಗಡಿ ಹಾಕಿರುತ್ತಾರೆ. ಲುವಾವು ಔತಣದ ನಡುಮಧ್ಯ ಇರುವುದೇ ನೆಲದೊಳಗಿನ ಒಲೆಯಲ್ಲಿ ಬೇಯಿಸಿದ ಹಂದಿ. ಹಾಡು, ಹುಲಾ ನೃತ್ಯಕ್ಕಾಗಿ ಹೋಗುವುದಾದರೆ ಕೌವಾಯಿಯಲ್ಲಿ ಗುರುವಾರ ರಾತ್ರಿ ಹೋಗು, ಹಡಗು ಅಲ್ಲೇ ತಂಗಿರುತ್ತದೆ. ಬುಕ್ ಮಾಡುವ ಮುಂಚೆ ಸಸ್ಯಾಹಾರ ಏನಿದೆ ಅಂತ ಕೇಳು. ಪೊಯಿ ಮಾತ್ರ ಧೈರ್ಯವಾಗಿ ತಿನ್ನು, ಅದು ಕೆಸುವಿನ ಗೆಡ್ಡೆ ಬೇಯಿಸಿ ಅರೆದದ್ದು. ಹುಳಿ ಬಂದ ಪೊಯಿ ನನಗೆ ಮೊದಲ ತುತ್ತಿಗೆ ಹಿಡಿಸಲಿಲ್ಲ, ಮೂರನೆಯದಕ್ಕೆ ಹಿಡಿಸಿತು. ಕೌವಾಯಿಯ ಹನಲೇ ಕಣಿವೆಯಲ್ಲಿ ನೀರು ನಿಲ್ಲಿಸಿ ಬೆಳೆದ ಕೆಸುವಿನ ಗದ್ದೆಗಳನ್ನೂ ನೋಡಿಕೊಂಡು ಬಾ.

ಹಿಲೊದಲ್ಲಿ ಜ್ವಾಲಾಮುಖಿ ಉದ್ಯಾನ ಬಿಟ್ಟು ಬೇರೆ ಯೋಚಿಸಬೇಡ. ಮುಕ್ಕಾಲು ಗಂಟೆ ದಾರಿ. ಮಳೆ ಬರುತ್ತದೆ, ಜಾಕೆಟ್ ಇರಲಿ. ಅಲ್ಲಿನ ಕಿಲವೇಯ ಜ್ವಾಲಾಮುಖಿ 2024ರ ಡಿಸೆಂಬರ್ 23ರಿಂದ ಬಿಟ್ಟು ಬಿಟ್ಟು ಉಕ್ಕಲು ಶುರು ಮಾಡಿತು. ಹಿಂದಿನ ರಾತ್ರಿ ಉದ್ಯಾನದ ಪ್ರಕಟಣೆ ಓದಿಕೊಂಡೇ ಹೊರಡು. ಬೇರೆ ಕಡೆ ನೀವೇ ಕಾರು ಮಾಡಿಕೊಂಡು ತಿರುಗಿ, ಆದರೆ ಇಲ್ಲಿ ಹಡಗಿನವರ ಬಸ್ಸಿನಲ್ಲೇ ಹೋಗಿ ಅನ್ನುತ್ತೇನೆ. ಅವರದೇ ಬಸ್ಸು ತಡವಾದರೆ ಹಡಗು ಕಾಯುತ್ತದೆ.

ಕೋನಾದಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಚಿಕ್ಕ ದೋಣಿಗೆ ಇಳಿಯಬೇಕು. ದೋಣಿ ತೂಗುತ್ತಿರುತ್ತದೆ. ಅಮ್ಮನನ್ನು ಮೊದಲ ನೂಕುನುಗ್ಗಲಿನಲ್ಲಿ ಕರೆದುಕೊಂಡು ಹೋಗಬೇಡ. ಹತ್ತು ಗಂಟೆ ಆಗಲಿ, ಆಮೇಲೆ ನಿಧಾನಕ್ಕೆ ಇಳಿಸು. ಆ ದಿನ ಅವರ ದಿನ. ದಡದ ಹತ್ತಿರವೇ 1838ರಲ್ಲಿ ಕಟ್ಟಿದ ಹುಲಿಹೆಯೆ ಅರಮನೆ ಇದೆ. ಕೂತು ಕಾಫಿ ಕುಡಿಯಲು ಜಾಗ ಬೇಕಾದಷ್ಟಿವೆ. ಕಾಫಿಪುಡಿ ತರುವುದಾದರೆ 100 ಪರ್ಸೆಂಟ್ ಕೋನಾ ಅಂತ ಬರೆದದ್ದನ್ನೇ ತಾ, ಬ್ಲೆಂಡ್ ಅಂತಿದ್ದರೆ ಬೇಡ.

ಶುಕ್ರವಾರ ಬೆಳಿಗ್ಗೆ ಕೌವಾಯಿಯಲ್ಲಿ ದೂರ ಹೋಗಬೇಡ. ವೈಮಿಯಾ ಕಣಿವೆ ಗುರುವಾರವೇ ಮುಗಿಸು. ಎರಡು ಗಂಟೆಗೆ ಹಡಗು ಹೊರಟು ಸಂಜೆಗೆ ನಾ ಪಾಲಿ ಕರಾವಳಿಯ ಪಕ್ಕ ಸಾಗುತ್ತದೆ. ಸಾವಿರ ಮೀಟರಿಗೂ ಎತ್ತರದ ಹಸಿರು ಬಂಡೆಗಳು ನೇರ ಸಮುದ್ರಕ್ಕೆ ಇಳಿದಿವೆ. ಆ ಹೊತ್ತಿಗೆ ಊಟದ ಮೇಜು ಕಾದಿರಿಸಬೇಡ, ರಾತ್ರಿ ಎಂಟಕ್ಕೆ ಇಟ್ಟುಕೋ. ಮೇಲಿನ ಡೆಕ್ಕಿನಲ್ಲಿ ಅಮ್ಮನಿಗೆ ಒಂದು ಕುರ್ಚಿ ಮೊದಲೇ ಹಿಡಿದಿಡು, ಗಾಳಿಗೆ ಒಂದು ಶಾಲು ಇರಲಿ.

ಕೊನೆಯ ಶನಿವಾರ ಬೆಳಿಗ್ಗೆಯೇ ಇಳಿಸಿಬಿಡುತ್ತಾರೆ. ವಿಮಾನ ರಾತ್ರಿಗಿದ್ದರೆ, ಮೊದಲು ಉಳಿದ ಹೋಟೆಲಿನಲ್ಲೇ ಸಾಮಾನು ಇಡಲು ಕೇಳು, ನಮಗೆ ಒಪ್ಪಿದ್ದರು. ಮಾವಿನಹಣ್ಣು ತರಬೇಡ, ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಅನಾನಸ್ ತರಬಹುದು.

ಹಾಂ, ಕ್ಯಾಬಿನ್. ಕಿಟಕಿ ಸಾಕು. ಬಾಲ್ಕನಿಗೆ ಕೊಡುವ ಹಣದಲ್ಲಿ ಮಾವಿ ಮತ್ತು ಕೌವಾಯಿಯಲ್ಲಿ ಕಾರು ಮಾಡಿಕೊ. ಲಿಫ್ಟಿಗೆ ಹತ್ತಿರ ಇರುವ ಕೋಣೆ ಕೇಳು, ಅಮ್ಮನಿಗೆ ನಡೆಯುವುದು ಕಡಿಮೆಯಾಗುತ್ತದೆ.

ದಿನಾಂಕ ಗಟ್ಟಿಯಾದ ತಕ್ಷಣ ತಿಳಿಸು. ಸೂರ್ಯೋದಯವೇ ಬೇಕು ಅಂತ ನಿನಗೆ ಮನಸ್ಸಿದ್ದರೆ, 60 ದಿನ ಲೆಕ್ಕ ಹಾಕಿ ಆ ಹೊತ್ತಿಗೆ ನಾನೂ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಇಬ್ಬರಲ್ಲಿ ಒಬ್ಬರಿಗಾದರೂ ಸಿಗುತ್ತದೆ, ಅಲ್ವಾ?

ನಿನ್ನ ಗೆಳೆಯ