ಮಗ್ಗಲು ಹೊರಳಿಸಿದ ಕೈಗಳಿಗೆ

ಇಳಕಲ್ಲ, ಗುಳೇದಗುಡ್ಡ ಸುತ್ತಿನ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ನಮ್ಮ ನರ್ಸ್‌ಗಳ ತಂಡಕ್ಕೆ ಈ ವಾರ ಎರಡು ವರ್ಷ ತುಂಬಿತು. ಮೊದಲ ವಂದನೆ ಆ ಮನೆಗಳ ಸೊಸೆಯಂದಿರಿಗೆ, ಮಕ್ಕಳಿಗೆ. ವಾರದಲ್ಲಿ ನಾವು ಇರುವುದು ಮುಕ್ಕಾಲು ತಾಸು. ಉಳಿದ 167 ತಾಸು ಅವರದು.

ಒಂದೇ ಮಗ್ಗಲಲ್ಲಿ ಮಲಗಿ ಭಾರ ಬಿದ್ದಲ್ಲಿ ಹುಣ್ಣಾಗದಿರಲಿ, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಎಂದು ಚೀಟಿ ಬರೆದುಕೊಡುವುದು ಸುಲಭ. "ಹಗಲೆಲ್ಲಾ ಮಗ್ಗದಾಗ ಕುಂತು, ರಾತ್ರಿ ಎರಡ ತಾಸಿಗೊಮ್ಮೆ ಏಳಾಕ ಆಗಂಗಿಲ್ರಿ ಸಿಸ್ಟರ್" ಎಂದು ಬಾಯಿಬಿಟ್ಟು ಹೇಳಿದವರಿಗೆ ನಾವು ಋಣಿ. ಸುಮ್ಮನೆ ಚೀಟಿಗೆ ಗುರುತು ಹಾಕಿಟ್ಟಿದ್ದರೆ ಹುಣ್ಣು ಯಾಕಾಯಿತೆಂದು ತಿಳಿಯುತ್ತಲೇ ಇರಲಿಲ್ಲ. ಒಳ್ಳೆಯ ಫೋಮ್ ಹಾಸಿಗೆ ಇದ್ದು, ಚರ್ಮ ಚೆನ್ನಾಗಿರುವ ಕಡೆ ಈಗ ರಾತ್ರಿ ನಾಲ್ಕು ತಾಸಿಗೊಮ್ಮೆ ಹೊರಳಿಸಿದರೆ ಸಾಕೆಂದಿದ್ದೇವೆ. ಬೆಳಿಗ್ಗೆ ಬೆನ್ನಿನ ಕೆಳತುದಿ, ಸೊಂಟದ ಎಲುಬು, ಹಿಮ್ಮಡಿ ನೋಡಲೇಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗಲೂ ಬಿಳಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ. ಬಿಸಿ, ಗಡಸು ಕೈಗೆ ಹತ್ತುತ್ತದೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಭಾರ ತಪ್ಪಿಸಿ, ಮತ್ತೆ ಎರಡು ತಾಸಿನ ಲೆಕ್ಕಕ್ಕೆ ಬನ್ನಿ.

ಮೆತ್ತಗಿರಲೆಂದು ಹಾಸಿದ ಕೌದಿಯ ಹೊಲಿಗೆ ಅತ್ತೆಯ ಬೆನ್ನ ಮೇಲೆ ಗೆರೆಗೆರೆಯಾಗಿ ಮೂಡಿದ್ದನ್ನು ನಮಗೆ ತೋರಿಸಿದ್ದು ಒಬ್ಬ ಸೊಸೆಯೇ. ಈಗ ಆ ಮನೆಯಲ್ಲಿ ಕೌದಿ ಹೊದೆಯಲು ಮಾತ್ರ. ಮೈಕೆಳಗೆ ಸುಕ್ಕಿಲ್ಲದಂತೆ ಹಾಸಿದ ಹಳೆಯ ಧೋತರ.

ಕರೆಂಟ್ ಹೋದಾಗ ಓಡಿಬರುವ ನೆರೆಮನೆಯವರಿಗೂ ವಂದನೆ. ಗಾಳಿ ಹಾಸಿಗೆಯ ಪಂಪು ನಿಂತರೆ ಗಾಳಿ ಇಳಿಯುತ್ತದೆ. ಸೊಂಟದ ನೇರಕ್ಕೆ ಹಾಸಿಗೆಯ ಅಡಿಯಲ್ಲಿ ಅಂಗೈ ಮೇಲೆ ಮಾಡಿ ತೂರಿಸಿ: ಎಲುಬಿಗೂ ಕೈಗೂ ನಡುವೆ ಒಂದು ಇಂಚಾದರೂ ಗಾಳಿ ಇರಬೇಕು. ಇಲ್ಲದಿದ್ದರೆ ಆ ಹಾಸಿಗೆ ಇದ್ದೂ ಇಲ್ಲದಂತೆ. ಮೇಲಕ್ಕೆ ಸರಿಸುವಾಗ ಇಬ್ಬರು ಧೋತರದ ಎರಡೂ ಅಂಚು ಹಿಡಿದು ಎತ್ತಬೇಕು. ಎಳೆದರೆ ಚರ್ಮ ಬಟ್ಟೆಗೆ ಅಂಟಿ ನಿಲ್ಲುತ್ತದೆ, ಒಳಗಿನ ಮಾಂಸ ಜಾರುತ್ತದೆ. ಹುಣ್ಣು ಆಳದಿಂದಲೇ ಏಳುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಎರಡನೆಯ ಜೊತೆ ಕೈ ಪಕ್ಕದ ಮನೆಯದು.

ಅಮೆರಿಕದ ಚಿಂತಕಿ ಜೋನ್ ಟ್ರೊಂಟೊ 1993ರಲ್ಲಿ ಆರೈಕೆಯ ನೀತಿಗೆ ನಾಲ್ಕು ಗುಣ ಬೇಕೆಂದರು: ಗಮನ, ಹೊಣೆ, ಕೆಲಸದ ಕುಶಲತೆ, ಆರೈಕೆ ಪಡೆಯುವವರ ಸ್ಪಂದನೆಗೆ ಓಗೊಡುವುದು. ಮೊದಲ ಮೂರನ್ನು ತರಬೇತಿಯಲ್ಲಿ ಕಲಿಯಬಹುದು. ನಾಲ್ಕನೆಯದನ್ನು ನಮಗೆ ಕಲಿಸಿದವರು ಲಕ್ವಾ ಹೊಡೆದು ಮಾತು ನಿಂತವರು. ಹೊರಳಿಸುವಾಗ ಹುಬ್ಬು ಗಂಟಾದರೆ, ಹಿಡಿದ ಕೈ ಬಿಗಿಯಾದರೆ ಕೆಲಸ ನಿಲ್ಲಿಸಿ ನೋವೆಲ್ಲಿ ಎಂದು ಹುಡುಕಬೇಕು. ತಾಳ್ಮೆಯಿಂದ ಕಲಿಸಿದಿರಿ ಹಿರಿಯರೇ, ನಿಮಗೆ ಶರಣು.

ಮನೆ ತೋರಿಸಿ ಬಾಗಿಲು ತೆರೆಸಿದ ಆಶಾ ಅಕ್ಕಂದಿರನ್ನೂ ನೆನೆಯುತ್ತೇವೆ.

ಆರೈಕೆ ಮಾಡುವವರ ಬೆನ್ನುನೋವು, ನಿದ್ದೆ, ಬಿಟ್ಟುಹೋದ ಬಿಪಿ ಗುಳಿಗೆ ನಮ್ಮ ನೋಂದಣಿ ಪುಸ್ತಕದಲ್ಲಿ ಇದುವರೆಗೆ ಇರಲಿಲ್ಲ. ಅದು ನಮ್ಮ ತಪ್ಪು. ಬರುವ ಸೋಮವಾರದಿಂದ ಪ್ರತಿ ಮನೆಯಲ್ಲೂ ಮೊದಲ ಹತ್ತು ನಿಮಿಷ ಅವರಿಗೆ.