ಒಳಗೇ ಇಲ್ಲದ ಕಟ್ಟಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಲ್ಲೇಶ,

ಸಾಂಚಿಯ ಬೌದ್ಧ ಸ್ತೂಪದ ಹತ್ತಿರದಿಂದ ನಾನು ಫೋನ್ ಮಾಡಿದಾಗ ನೀನು ಮೊದಲು ಕೇಳಿದ್ದು "ಒಳಗೆ ಏನಿದೆಯೋ?" ಅಂತ. ಆ ಗದ್ದಲದಲ್ಲಿ ಹೇಳಲಾಗಲಿಲ್ಲ. ಒಳಗೆ ಅನ್ನೋದೇ ಇಲ್ಲ ಕಣೋ.

ನಮ್ಮ ಗುಡಿಗಳಲ್ಲಿ ಹೆಜ್ಜೆ ಹೆಜ್ಜೆಗೂ ಕತ್ತಲು ಗಟ್ಟಿಯಾಗಿ, ಕೊನೆಗೆ ದೀಪದ ಬೆಳಕಲ್ಲಿ ದೇವರು ಕಾಣುತ್ತಾನೆ. ಇಲ್ಲಿ ಬಾಗಿಲೇ ಇಲ್ಲದ ದಿಬ್ಬ. ಅಶೋಕನ ಕಾಲದ ಇಟ್ಟಿಗೆಯ ಸ್ತೂಪಕ್ಕೆ ಮುಂದಿನ ಶತಮಾನದಲ್ಲಿ ಕಲ್ಲು ಹೊದಿಸಿ ಹೆಚ್ಚುಕಡಿಮೆ ಇಮ್ಮಡಿ ಮಾಡಿದರಂತೆ. ಈಗ ಅಡ್ಡಳತೆ 36 ಮೀಟರಿಗೂ ಮಿಗಿಲು. ಇಷ್ಟು ದೊಡ್ಡದನ್ನು ಕಟ್ಟಿ ಅವರು ಮನುಷ್ಯನಿಗೆ ಬಿಟ್ಟದ್ದು ಸುತ್ತು ಬರುವ ದಾರಿ ಮಾತ್ರ: ಕೆಳಗೊಂದು, ಮೆಟ್ಟಿಲೇರಿದರೆ ಮೇಲೊಂದು.

ಆ ದಾರಿಗೆ ಕಾಲಿಡುವಾಗ ನಿನ್ನ ನೆನಪಾಯಿತು. ತೋರಣದಡಿ, ಅಂದರೆ ಕಲ್ಲಿನ ಹೆಬ್ಬಾಗಿಲ ಕಮಾನಿನಡಿ, ನಡೆದು ನೇರ ಹೋಗೋಣ ಅಂದರೆ ಎದುರಿಗೆ ಕಲ್ಲಿನ ಕಟಕಟೆ. ಮಗ್ಗುಲಿಗೆ ತಿರುಗಲೇಬೇಕು. ನಾಲ್ಕು ದಿಕ್ಕಿನಲ್ಲೂ ಹೀಗೇ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಆ ಒಂದು ತಿರುವಿನಲ್ಲಿ ಬಯಲು ಕಣ್ಮರೆಯಾಯಿತು. ಆಳೆತ್ತರ ಮೀರಿದ ಕಟಕಟೆ ಒಂದು ಕಡೆ, ಬಲಕ್ಕೆ ಸ್ತೂಪ, ನಡುವೆ ನಾನು. ಇಂಥ ಬುದ್ಧಿವಂತ ಪ್ರವೇಶವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಟಕಟೆ ಪೂರ್ತಿ ಬಡಗಿ ಕೆಲಸದ ರೀತಿ. ಕಂಬಕ್ಕೆ ತೂತು ಹೊಡೆದು ಮೂರು ಅಡ್ಡಪಟ್ಟಿ ಕೂರಿಸಿದ್ದಾರೆ, ಮರದ ಬದಲು ಕಲ್ಲು, ಅಷ್ಟೆ. ಒಂದು ಪಟ್ಟಿಯ ಮೇಲೆ ಅಂಗೈ ಇಟ್ಟೆ. ನಡು ಉಬ್ಬಿ, ಅಂಚು ತೆಳುವಾಗಿತ್ತು. ಪಕ್ಕದಲ್ಲೇ ಬ್ರಾಹ್ಮಿ ಎಂಬ ಪ್ರಾಚೀನ ಲಿಪಿಯ ಅಕ್ಷರಗಳು. ಕೊಟ್ಟವರ ಹೆಸರು, ಕೊನೆಗೆ "ದಾನಂ". ಭಿಕ್ಷುಣಿಯರು, ವರ್ತಕರು, ಗೃಹಿಣಿಯರು ಒಂದೊಂದು ಕಂಬ, ಒಂದೊಂದು ಪಟ್ಟಿ ಕೊಟ್ಟು ಕಟ್ಟಿಸಿದ್ದು. ನಮ್ಮೂರ ಗುಡಿಯ ಮೆಟ್ಟಿಲ ಮೇಲೆ ನಿಮ್ಮ ಅಜ್ಜಿಯ ಹೆಸರಿದೆಯಲ್ಲ, ಹಾಗೆ. ಪದೇಪದೇ ಬರುವ ಈ "ದಾನಂ" ಹಿಡಿದೇ 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟು ಬಿಡಿಸಿದ್ದು. ನನಗೂ ಓದಲು ಬಂದದ್ದು ಅದೊಂದೇ ಪದ. ಓದಿ ಕಣ್ಣು ತುಂಬಿಬಂತು.

ದಕ್ಷಿಣದ ತೋರಣದಲ್ಲಿ ಶಾತವಾಹನರ ಶಾತಕರ್ಣಿ ರಾಜನ ಕುಶಲಕರ್ಮಿಗಳ ಮುಖ್ಯಸ್ಥ ಆನಂದನ ಹೆಸರಿದೆ. ಶಾತವಾಹನರು ಅಂದಮೇಲೆ ನಮಗೆ ದೂರದವರಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ, ಕನಗನಹಳ್ಳಿಯಲ್ಲಿ ಅವರ ಕಾಲದ ಕೆತ್ತನೆಗಳಿರುವ ಸ್ತೂಪ ಸಿಕ್ಕಿದೆ. "ರಾಯೋ ಅಸೋಕೋ" ಎಂದು ಹೆಸರು ಬರೆದ ಅಶೋಕನ ಶಿಲ್ಪವೂ ಅಲ್ಲೇ ಸಿಕ್ಕಿದ್ದು. ಇಷ್ಟು ವರ್ಷ ನಾವಿಬ್ಬರೂ ಹೋಗದೇ ಇದ್ದೆವಲ್ಲ!

ದೀಪಾವಳಿ ಕಳೆದ ಮೇಲೆ ಹೋಗೋಣ. ನಿನ್ನ ಅಳತೆ ಟೇಪು ತಗೊಂಡು ಬಾ, ಸುತ್ತಿನ ದಾರಿ ಎಷ್ಟು ಅಗಲ ಬಿಟ್ಟಿದ್ದರು ಅಂತ ಅಲ್ಲೇ ಹಿಡಿದು ನೋಡೋಣ.

ನಿನ್ನ,
ರಘು